ತೊಂಬತ್ತು ದಿನದ ಸಿಪ್ಪೆನೀರು

ನಾಗಪುರ
ಮೇ 11, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಂದಾರ್,

ಹೇಗಿದ್ದೀಯ? ಬಂಡೆಯ ಮೇಲಿಂದ ಜಾರಿ ತರಚಿಕೊಂಡ ಮೊಣಕಾಲು ಒಣಗಿತೇ? ಅರಿಶಿನ ಹಚ್ಚಿಕೊಂಡೆ ಎಂದು ಬರೆದಿದ್ದೆ, ಮುಲಾಮು ಹಚ್ಚಿಕೊಂಡೆ ಎಂದು ಬರೆದಿರಲಿಲ್ಲ. ರಾತ್ರಿ ಹೊದಿಕೆ ಬೇಕಾಗುತ್ತದೆ ಎಂದು ನೀನು ಫೋನೂ ಸಿಗದ ಮೇಳಘಾಟದ ಕಾಡಿನಿಂದ ಬರೆದದ್ದನ್ನು ಓದಿ ನನಗೂ ನಿನ್ನ ಆಯಿಗೂ ಹೊಟ್ಟೆ ಉರಿಯಿತು. ಇಲ್ಲಿ ನಿನ್ನೆ ನಲವತ್ತೈದು ಡಿಗ್ರಿ. ನಲ್ಲಿಯ ನೀರಿನಲ್ಲಿ ಚಹಾ ಮಾಡಿಕೊಳ್ಳಬಹುದು. ಕೂಲರಿಗೆ ಹೊಸ ಲಾವಂಚದ ತಟ್ಟಿ ಹಾಕಿಸಿದೆ, ಮನೆಯೆಲ್ಲ ಘಮಘಮ ಅನ್ನುತ್ತಿದೆ. ಆಯಿಯ ಕೆಮ್ಮು ಶನಿವಾರದಿಂದ ಕಡಿಮೆಯಾಗಿದೆ. ಯಾಕೆ ಕಡಿಮೆಯಾಯಿತು ಎಂಬುದನ್ನು ಕೊನೆಯವರೆಗೂ ಓದಿದರೆ ತಿಳಿಯುತ್ತದೆ, ದಯವಿಟ್ಟು ನಡುವೆ ಹಾರಿಸಬೇಡ. ನನ್ನ ಪತ್ರಗಳನ್ನು ನೀನು ಹಾರಿಸಿ ಓದುತ್ತೀಯ ಎಂದು ನನಗೆ ಗೊತ್ತು.

ನನ್ನ ಪತ್ರ ಯಾವಾಗಲೂ 'ನನ್ನ ಹುಲಿರಾಯಾ' ಎಂದು ಶುರುವಾಗುತ್ತಿತ್ತು, ಅದರ ಮುಂದೆ ಮೂರು ಆಶ್ಚರ್ಯಸೂಚಕ ಚಿಹ್ನೆಗಳಿರುತ್ತಿದ್ದವು. ಇವತ್ತು 'ಪ್ರೀತಿಯ' ಎಂಬ ಒಂದು ಪದ ಬರೆಯುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಮದುವೆಗೆ ಮೊದಲೂ ಆಮೇಲೂ ನಿನಗೆ ಬರೆದದ್ದೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಕಾನ್ವೆಂಟಿನಲ್ಲಿ ಪ್ರೀತಿ ಮಾಡುವುದನ್ನೂ ರಜೆ ಕೇಳುವುದನ್ನೂ ಇಂಗ್ಲಿಷಿನಲ್ಲೇ ಕಲಿತವಳು ನಾನು. ಇದೊಂದನ್ನು ಮಾತ್ರ ಮರಾಠಿಯಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಲಕೋಟೆ ಅಂಟಿಸುವ ಮೊದಲು ಆಯಿಗೆ ಕೊಟ್ಟು ಓದಿಸುತ್ತೇನೆ. ಈ ಮನೆಯಲ್ಲಿ ಒಬ್ಬರಿಗೆ ಗೊತ್ತಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಂಥದ್ದು ಇನ್ನು ಏನೂ ಇರಬಾರದು.

ಕೆಳಗಿನ ಮನೆಯ ಓವಿ ನೆನಪಿದ್ದಾಳಲ್ಲ, ಉಜ್ವಲಾ ವಹಿನಿಯ ಮಗಳು? ನೀನು ವರ್ಗವಾಗಿ ಹೊರಟಾಗ ಬರೀ ಕೂರುತ್ತಿದ್ದವಳು ಈಗ ಅಂಬೆಗಾಲಿಡುತ್ತಾಳೆ. ಇಡೀ ಮನೆಯೇ ಅವಳ ಮೈದಾನ. ಮೂರು ವಾರದಿಂದ ಆ ಮಗುವಿನ ಅಂಗೈ, ಮೊಣಕಾಲು, ಪಾದದ ಮೇಲ್ಭಾಗ ಕೆಂಪು ಕೆಂಪಾಗಿ ಬಿರಿದಿವೆ. ಸೆಖೆಗೆ ಎದ್ದ ಬೆವರುಸಾಲೆ ಎಂದುಕೊಂಡರು. ಆಮೇಲೆ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ನೆಲಕ್ಕೆ ಏನು ಹಾಕಿ ಒರೆಸುತ್ತೀರಿ ಎಂದು. ಉಜ್ವಲಾ ವಹಿನಿ ನಕ್ಕು ಹೇಳಿದಳಂತೆ: "ಅದರ ಚಿಂತೆನೇ ಬೇಡ ಡಾಕ್ಟ್ರೇ. ನಮ್ಮ ಮೇಲಿನ ಮನೆ ಹೊಸ ಸೊಸೆ ಕಿತ್ತಳೆ ಸಿಪ್ಪೆ ಕೊಳೆಹಾಕಿ ಕೈಯಾರೆ ಮಾಡ್ತಾಳೆ. ಮಗು ನೆಲ ನೆಕ್ಕಿದ್ರೂ ಏನಾಗಲ್ಲ." ಆ ಕೊನೆಯ ಮಾತು ಅವಳದಲ್ಲ, ನನ್ನದು. ಯುಗಾದಿಯ ದಿನ ಆರು ಬಾಟಲಿಗಳನ್ನು ರಿಬ್ಬನ್ ಕಟ್ಟಿ ಅವಳ ಕೈಗಿಟ್ಟಾಗ ನಾನೇ ಹೇಳಿದ್ದು. ಡಾಕ್ಟರು ಹಾಗಾದರೆ ತಿನ್ನುವುದರಲ್ಲಿ ಏನೋ ಇದೆ ಎಂದರು. ಅಂದಿನಿಂದ ಆ ಕೂಸಿಗೆ ತುಪ್ಪವಿಲ್ಲ, ಬಾಳೆಹಣ್ಣಿಲ್ಲ, ಹಾಲಿನ ಪಾಯಸವಿಲ್ಲ. ತಾಯಿ ಮಾತ್ರ ಮನೆ ಶುದ್ಧವಾಗಿರಲಿ ಎಂದು ದಿನಕ್ಕೆ ಎರಡು ಸಲ ನೆಲ ಒರೆಸುತ್ತಿದ್ದಾಳೆ, ನನ್ನ ಬಾಟಲಿಯಿಂದ, ಒಂದು ಮುಚ್ಚಳದ ಬದಲು ಎರಡು ಮುಚ್ಚಳ ಹಾಕಿ.

ಆ ಬಾಟಲಿಯಲ್ಲಿ ಏನಿತ್ತು ಎಂದು ನಿನಗೆ ಗೊತ್ತು, ಮಂದಾರ್. ನನಗೆ ಗೊತ್ತಿರಲಿಲ್ಲ.

ನೀನು ಮರೆತಿದ್ದರೆ ಎಂದು ಮೊದಲಿಂದ ಬರೆಯುತ್ತೇನೆ. ಮದುವೆಯಾಗಿ ಮೂರನೆಯ ವಾರವೋ ಏನೋ, ತಿಂಗಳ ಸಾಮಾನಿನ ಪಟ್ಟಿಯನ್ನು ಮೊದಲ ಬಾರಿ ನಾನು ಬರೆದೆ. ನೆಲಕ್ಕೊಂದು, ಪಾತ್ರೆಗೊಂದು, ಗಾಜಿಗೊಂದು, ಬಚ್ಚಲಿಗೊಂದು, ಕಮೋಡಿಗೊಂದು. ಅಕ್ಕಿ ಬೇಳೆಗಿಂತ ಈ ಡಬ್ಬಿಗಳೇ ಜಾಸ್ತಿ ಎಂದು ನಾನು ಗೊಣಗಿದರೆ ನೀನು "ಹಾಗಾದ್ರೆ ದಾಲ್ ಫ್ರೈ ಬದಲು ಫಿನೈಲ್ ಫ್ರೈ ಮಾಡು" ಎಂದು ನಗಿಸಿದೆ. ಅದೇ ವಾರ ಫಿನೈಲ್ ಹಾಕಿ ಒರೆಸಿದ ನೆಲದಿಂದ ಆಯಿಗೆ ಕೆಮ್ಮು ಹತ್ತಿ ಅರ್ಧ ಗಂಟೆ ಬಿಡಲಿಲ್ಲ. ಆಗ ನಾನು ವಿಮಲ್ ಮಾವಶಿಯ ಹತ್ತಿರ ಹೋದೆ. ನಮ್ಮಮ್ಮನ ಗೆಳತಿ, ಶಾಲೆಯ ಪ್ರಯೋಗಶಾಲೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ಮನೆಗೆ ಬೇಕಾದ ಒಂದು ಹನಿ ಸಾಬೂನನ್ನೂ ಅಂಗಡಿಯಿಂದ ತರದವರು. ಅಂಟುವಾಳಕಾಯಿಯನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಕುದಿಸಿದರೆ ಪಾತ್ರೆಗೂ ರೇಷ್ಮೆ ಸೀರೆಗೂ ಆಯಿತು, ಹುಣಸೆಹಣ್ಣಿಗೆ ಉಪ್ಪು ಸೇರಿಸಿದರೆ ಹಿತ್ತಾಳೆಗೆ ಆಯಿತು, ನೆಲಕ್ಕೆ ಮತ್ತು ಬಚ್ಚಲಿಗೆ ಮಾತ್ರ ತಾಳ್ಮೆ ಬೇಕು ಎಂದರು. ಮೂರು ಪಾಲು ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು. ತೊಂಬತ್ತು ದಿನ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು, ಇಲ್ಲದಿದ್ದರೆ ಡಬ್ಬಿಯ ಹೊಟ್ಟೆ ಉಬ್ಬುತ್ತದೆ. ನಾಗಪುರದಲ್ಲಿ ಕಿತ್ತಳೆ ಸಿಪ್ಪೆಗೆ ಬರವೇ? ಮೂಲೆಯ ಜ್ಯೂಸ್ ಅಂಗಡಿಯವನು ಎರಡು ಗೋಣಿ ಪುಕ್ಕಟೆ ಕೊಟ್ಟು, "ಹಸುವಿಗಾ ತಾಯಿ?" ಎಂದು ಕೇಳಿದ. ನಾನು "ಅತ್ತೆಗೆ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ!

ಡಿಸೆಂಬರ್ ಹತ್ತೊಂಬತ್ತಕ್ಕೆ ಹಿಂದಿನ ಬಾಲ್ಕನಿಯಲ್ಲಿ ಬಿಳಿ ಡ್ರಮ್ ತುಂಬಿದೆ. ಸರಿಯಾಗಿ ತೊಂಬತ್ತು ದಿನ ಎಣಿಸಿದರೆ ಯುಗಾದಿ. ಬಾಗಿಲಿಗೆ ಗುಡಿಯ ಕೋಲು ಏರಿಸುವ ದಿನ ಡ್ರಮ್ ತೆರೆಯಬೇಕು ಎಂದು ಕ್ಯಾಲೆಂಡರಿನಲ್ಲಿ ಕಿತ್ತಳೆ ಬಣ್ಣದ ಸುತ್ತು ಹಾಕಿದೆ. ನಡುವೆ ಸಂಕ್ರಾಂತಿ ಬಂತು. ಮೊದಲ ಸಂಕ್ರಾಂತಿಗೆ ಕಪ್ಪು ಸೀರೆ ಉಡಿಸಿ ಸಕ್ಕರೆ ಕುಸುರೆಳ್ಳಿನ ಒಡವೆ ತೊಡಿಸುತ್ತೇವೆ ಎಂದು ಅಕೋಲಾದಿಂದ ಅಮ್ಮ ಕರೆಸಿಕೊಂಡಳು. ಹತ್ತು ದಿನ. ಹೊರಡುವಾಗ ಬಾಗಿಲಲ್ಲಿ ನಿಂತು ನಿನಗೆ ಹೇಳಿದ್ದು ಒಂದೇ ಒಂದು ಮಾತು: ದಿನಾ ಸಂಜೆ ಮುಚ್ಚಳ ತೆಗೆದು ಹಾಕು. "ಊಟ ಮಾಡು ಅಂತ ಹೇಳಲ್ವಾ?" ಎಂದು ನೀನು ಮುಖ ಊದಿಸಿದೆ. ತಿರುಗಿ ಬಂದಾಗ ಬಾಲ್ಕನಿಯ ಗೋಡೆ ಹೊಳೆಯುವ ಹಳದಿ ಬಣ್ಣದಲ್ಲಿತ್ತು. ನೀನು ಬ್ರಷ್ಷು ಹಿಡಿದು ನಿಂತಿದ್ದೆ, ಮೂಗಿನ ತುದಿಯಲ್ಲೂ ಹಳದಿ. "ನಿನಗೊಂದು ಸರ್ಪ್ರೈಸ್ ಅಂತ" ಎಂದೆ. ಆ ಗೋಡೆಯ ಫೋಟೋವನ್ನು ನಾನು ಎಷ್ಟು ಜನಕ್ಕೆ ಕಳಿಸಿದ್ದೆ ಗೊತ್ತಾ? ನನ್ನ ಶಾಲೆಯ ಗೆಳತಿಯರ ಗುಂಪಿನಲ್ಲಿ ಒಂದು ವಾರ ಅದೇ ಮಾತು. ಯಾರ ಗಂಡನೂ ಹೆಂಡತಿ ತವರಿಗೆ ಹೋದಾಗ ಗೋಡೆಗೆ ಬಣ್ಣ ಬಳಿಯುವುದಿಲ್ಲ ಎಂದು ಎಲ್ಲರೂ ಒಪ್ಪಿದರು.

ಅಂದಿನಿಂದ ನೀನು ನನ್ನನ್ನು ಡ್ರಮ್ಮಿನ ಹತ್ತಿರ ಬಿಡಲಿಲ್ಲ. "ಇದು ಇನ್ನು ನನ್ನ ಡ್ಯೂಟಿ, ಮೇಡಂ. ಅರಣ್ಯ ಇಲಾಖೆಯ ಕಾವಲು ಇದೆ, ಪ್ರವೇಶ ನಿಷಿದ್ಧ" ಎಂದು ಸೆಲ್ಯೂಟ್ ಹೊಡೆಯುತ್ತಿದ್ದೆ. ಆಫೀಸಿನಿಂದ ಬಂದವನು ಬೂಟು ಬಿಚ್ಚುವ ಮೊದಲು ಬಾಲ್ಕನಿಗೆ ಹೋಗುವುದನ್ನು ನೋಡಿ ನನ್ನ ಕಣ್ಣು ತುಂಬುತ್ತಿತ್ತು. ನಗಬೇಡ. ಅಮ್ಮನಿಗೆ ಫೋನ್ ಮಾಡಿ, ನನ್ನ ಸಿಪ್ಪೆನೀರನ್ನೂ ಪ್ರೀತಿಸುವ ಗಂಡ ಸಿಕ್ಕಿದ್ದಾನೆ ಎಂದು ಹೇಳಿದ್ದೆ. ಯುಗಾದಿಯ ಬೆಳಗ್ಗೆ ನಾನು ಎದ್ದು ಬರುವಷ್ಟರಲ್ಲಿ ನೀನೇ ಸೋಸಿ, ಹದಿನೆಂಟು ಬಾಟಲಿ ತುಂಬಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಒಂದನ್ನು ತೆರೆದು ಮೂಸಿದರೆ ಕಿತ್ತಳೆ, ಬರೀ ಕಿತ್ತಳೆ! ಇಡೀ ತೋಟವನ್ನೇ ಹಿಂಡಿ ಹಾಕಿದ ಹಾಗೆ. ಬಕೆಟಿಗೆ ಒಂದು ಮುಚ್ಚಳ ಹಾಕಿದರೆ ಬೆಳ್ಳಗೆ ನೊರೆ. ನಾನು ಹುಚ್ಚಿಯ ಹಾಗೆ ಮನೆಯೆಲ್ಲ ಕುಣಿದೆ. ಆಯಿ ಒಲೆಯ ಕಡೆ ಮುಖ ಮಾಡಿ ಶ್ರೀಖಂಡಕ್ಕೆ ಏಲಕ್ಕಿ ಕುಟ್ಟುತ್ತಲೇ ಇದ್ದರು, ತಿರುಗಿ ನೋಡಲಿಲ್ಲ. ಹಬ್ಬದ ಗಡಿಬಿಡಿ ಎಂದುಕೊಂಡೆ. ನಿಜವಾದ ಸಿಪ್ಪೆನೀರನ್ನು ನಾನು ಹುಟ್ಟಿದಾಗಿನಿಂದ ಮೂಸಿ ನೋಡಿದವಳೇ ಅಲ್ಲ. ವಿಮಲ್ ಮಾವಶಿಯ ಮನೆಯಲ್ಲಿ ಮಾಡುವ ವಿಧಾನ ಬರೆದುಕೊಂಡು ಬಂದೆನೇ ಹೊರತು ಮುಚ್ಚಳ ತೆಗೆದು ಮೂಗು ಇಡಲಿಲ್ಲ. ನನ್ನ ತಪ್ಪು ಅಷ್ಟೇ, ಅದನ್ನು ಒಪ್ಪುತ್ತೇನೆ.

ಫೆಬ್ರುವರಿಯಲ್ಲಿ ನಾನು ಇನ್ನೊಂದು ಡ್ರಮ್ ಹಾಕಿದ್ದೆನಲ್ಲ, ಆಯಿಯ ಹಳೆಯ ನೀಲಿ ಡ್ರಮ್ಮು, ದೇವರ ಕೋಣೆಯ ಹಿಂದೆ? ಅದನ್ನು ನೀನು ಮುಟ್ಟಲಿಲ್ಲ, ಗಾಳಿ ಬಿಟ್ಟವಳು ನಾನೇ. ಹೋದ ಬುಧವಾರ ಅದಕ್ಕೆ ತೊಂಬತ್ತು ದಿನ ತುಂಬಿತು. ತೆರೆದೆ. ಮೇಲೆ ಹಾಲಿನ ಕೆನೆಯ ಹಾಗೆ ಬಿಳಿ ಪೊರೆ, ಕೆಳಗೆ ಕಂದು ನೀರು, ಹುಳಿ ಹುಳಿ ವಾಸನೆ. ಕಿತ್ತಳೆಯ ಪರಿಮಳ ಎಲ್ಲೋ ದೂರದಲ್ಲಿ. ಕಲಕಿದರೆ ನೊರೆ ಇಲ್ಲ. ಮೊದಲನೆಯದು ಅಷ್ಟು ಚೆನ್ನಾಗಿ ಬಂದದ್ದು ಮಂದಾರ್ ನೋಡಿಕೊಂಡದ್ದಕ್ಕೆ, ನನ್ನ ಕೈಗುಣವೇ ಸರಿಯಿಲ್ಲ ಎಂದುಕೊಂಡೆ. ಆಯಿ ಬಾಗಿಲಲ್ಲಿ ನಿಂತು, "ಇರಲಿ ಬಿಡೇ, ಒಂದೆರಡು ದಿನ ಇಟ್ಟು ನೋಡು" ಎಂದರು. ನಾನು ಕೇಳಲಿಲ್ಲ. ಅಳುತ್ತಾ ಬಕೆಟ್ ಬಕೆಟ್ಟಾಗಿ ಹೊತ್ತುಕೊಂಡು ಹೋಗಿ ಅಷ್ಟನ್ನೂ ಬಚ್ಚಲಿಗೆ ಸುರಿದೆ. ಮೂರು ತಿಂಗಳು ದಿನಾ ಮಾತಾಡಿಸಿದ ಡ್ರಮ್ಮನ್ನು ಹತ್ತು ನಿಮಿಷದಲ್ಲಿ ಬರಿದು ಮಾಡಿದೆ. ಆಮೇಲೆ ಎಲ್ಲಿ ತಪ್ಪಿತು ಎಂದು ಕೇಳಲು ವಿಮಲ್ ಮಾವಶಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು "ಏನೂ ಮಾಡಬೇಡ, ಶನಿವಾರ ನಾನೇ ಬರ್ತೀನಿ" ಎಂದರು.

ಶನಿವಾರ ಬಿಸಿಲು ನೆತ್ತಿಗೇರುವ ಮೊದಲೇ ಬಂದರು, ತಲೆಗೆ ಒದ್ದೆ ಟವೆಲು ಸುತ್ತಿಕೊಂಡು. ಬಂದವರೇ ನೀಲಿ ಡ್ರಮ್ಮಿನೊಳಗೆ ತಲೆ ಹಾಕಿ, ತಳದಲ್ಲಿ ಉಳಿದಿದ್ದ ಒಂದು ಲೋಟದಷ್ಟು ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು! "ಬಿಳಿ ಪೊರೆ ಇತ್ತಾ?" ಇತ್ತು. "ಹುಳಿ ವಾಸನೆ?" ಹೌದು. "ಎಲ್ಲಿ ಹಾಕಿದೆ ಅದನ್ನ?" ಬಚ್ಚಲಿಗೆ. ಅವರು ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ನನ್ನ ಇಂಗ್ಲಿಷ್ ಮೀಡಿಯಂ ಗುಬ್ಬಚ್ಚಿ! ಬಂಗಾರದಂಥ ಸಿಪ್ಪೆನೀರನ್ನ ಮೋರಿಗೆ ಕುಡಿಸಿದೀಯಲ್ಲೇ. ಅದು ಹುಳಿಯಾಗೇ ಇರಬೇಕು. ನೊರೆ ಬರೋಕೆ ಅದೇನು ಸಾಬೂನಾ?" ನಾನು ನಂಬದೆ ಅಡುಗೆಮನೆಗೆ ಓಡಿ ಯುಗಾದಿಯ ಬಾಟಲಿ ತಂದೆ. ಇದು ನೋಡಿ ಮಾವಶಿ, ಚೆನ್ನಾಗಿ ಬಂದದ್ದು ಇದು ಎಂದೆ. ಅವರು ಮುಚ್ಚಳ ತೆಗೆದು ಮೂಸಿದರು. ಒಂದು ಬಿಳಿ ಬಟ್ಟೆ ಕೇಳಿದರು, ಅದರ ಮೇಲೆ ಅರಿಶಿನ ಕಲಸಿ ಬಳಿದರು, ಒಂದು ಬದಿಗೆ ಡ್ರಮ್ಮಿನ ತಳದ ನೀರು ಹನಿಸಿದರು. ಹಳದಿ ಹಳದಿಯಾಗೇ ಇತ್ತು. ಇನ್ನೊಂದು ಬದಿಗೆ ಬಾಟಲಿಯದನ್ನು ಹನಿಸಿದರು. ಕಣ್ಣೆದುರಿಗೇ ಅದು ಓಕುಳಿಯ ಹಾಗೆ ಕೆಂಪಗಾಯಿತು. "ಇದು ಕ್ಷಾರ, ಮಗಳೇ. ಬಿಡಿಯಾಗಿ ಕ್ಯಾನಿನಲ್ಲಿ ಮಾರ್ತಾರಲ್ಲ, ಆ ನೆಲ ತೊಳೆಯೋ ಮಾಲು. ಬಣ್ಣ, ಸೆಂಟು ಹಾಕಿದ್ದಾರೆ. ಯಾರೇ ನಿನಗೆ ಮಾರಿದ್ದು?" ಯಾರೂ ಮಾರಿಲ್ಲ, ನನ್ನ ಗಂಡನೇ ಸೋಸಿ ತುಂಬಿಸಿದ್ದು ಎಂದೆ. ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದ ಮೇಲೆಯೇ ನನಗೆ ಅದರ ಅರ್ಥ ಕೇಳಿಸಿದ್ದು.

ಆಯಿ ಅಲ್ಲೇ ಇದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು. ಎಲ್ಲ ಹೇಳಿದರು. ನಾನು ಅಕೋಲಾದಲ್ಲಿದ್ದಾಗ ನೀನು ಗೆಳೆಯನ ಮದುವೆಗೆಂದು ಚಂದ್ರಪುರಕ್ಕೆ ಹೋಗಿ ಐದು ದಿನ ಮುಚ್ಚಳ ತೆಗೆಯದೆ ಬಿಟ್ಟದ್ದು. ಡ್ರಮ್ಮು ಒಡೆದು ಗೋಡೆಯ ತುಂಬ, ಒಗೆದು ಹಾಕಿದ ಬಟ್ಟೆಯ ತುಂಬ ಸಿಪ್ಪೆ ಎರಚಿಕೊಂಡದ್ದು. ಕಲೆ ಹೋಗಲಿಲ್ಲವೆಂದು ಹಳದಿ ಬಣ್ಣ ತಂದದ್ದು. ಅಂಥದ್ದೇ ಬಿಳಿ ಡ್ರಮ್ ಕೊಂಡು ನೀರು ತುಂಬಿಸಿ ಮೇಲೆ ನಾಲ್ಕು ಸಿಪ್ಪೆ ತೇಲಿಬಿಟ್ಟದ್ದು. ನಾನು ಕಣ್ಣು ತುಂಬಿಕೊಂಡು ನೋಡುತ್ತಿದ್ದ ಆ ಡ್ಯೂಟಿ, ಬರೀ ನೀರಿನ ಕಾವಲು! ಯುಗಾದಿಯ ಹಿಂದಿನ ದಿನ ಕ್ಯಾನು ತಂದು ತುಂಬಿಸುವಾಗ ಆಯಿ ತಡೆದರಂತೆ. ನೀನು ಹೇಳಿದೆಯಂತೆ: "ಅವಳು ಹಬ್ಬದ ದಿನ ಅಳೋದು ನನಗೆ ನೋಡಕ್ಕಾಗಲ್ಲ ಆಯಿ. ಎರಡು ದಿನ ಕುಣೀತಾಳೆ, ಆಮೇಲೆ ಮರೀತಾಳೆ. ಮಕ್ಕಳಾಟ ಅದು." ಎರಡು ತಿಂಗಳು ಆಯಿ ಕೆಮ್ಮಿಕೊಂಡೇ ಆ ನೆಲದ ಮೇಲೆ ಓಡಾಡಿದರು. ನಾನು ಕೂಲರಿನ ಧೂಳು ಎಂದು ಬೈದು ತಟ್ಟಿ ಬದಲಿಸಿದೆ. ಸೊಸೆಯ ಮುಂದೆ ಮಗನ ಮಾನ ಉಳಿಸಲು ಅವರು ತಮ್ಮ ಎದೆಯನ್ನೇ ಸುಟ್ಟುಕೊಂಡರು. ಅವರ ಮೇಲೆ ನನಗೆ ಕೋಪ ಬಂದಿತ್ತು, ಎರಡು ಹೊತ್ತು ಮಾತಾಡಲಿಲ್ಲ. ಆಮೇಲೆ ಬಚ್ಚಲಿಗೆ ಹೋದರೆ, ತಿಂಗಳುಗಟ್ಟಲೆ ನಾರುತ್ತಾ ಕಟ್ಟಿಕೊಂಡಿದ್ದ ಮೋರಿ ಸರಾಗವಾಗಿ ಹರಿಯುತ್ತಿತ್ತು, ವಾಸನೆಯೂ ಇರಲಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ನಕ್ಕೆ, ಆಮೇಲೆ ಅತ್ತುಬಿಟ್ಟೆ. ನನ್ನ ಕೈಯಲ್ಲಿ ನಿಜವಾಗಿ ಆದ ಒಂದೇ ಕೆಲಸ ಯಾರ ಕಣ್ಣಿಗೂ ಬೀಳದೆ ಅಲ್ಲಿ ಹರಿದುಹೋಗಿತ್ತು.

ಡ್ರಮ್ಮು ಒಡೆದದ್ದಕ್ಕೆ ನಾನು ನಿನ್ನನ್ನು ಬೈಯುತ್ತಿದ್ದೆನಾ, ಮಂದಾರ್? ಬೈಯುತ್ತಿದ್ದೆ, ಇರಲಿ. ಒಂದು ದಿನ ಮುನಿಸಿಕೊಂಡು ಮರುದಿನ ಇಬ್ಬರೂ ಸೇರಿ ಆ ಗೋಡೆ ತಿಕ್ಕುತ್ತಿದ್ದೆವು. ಇನ್ನೆರಡು ಗೋಣಿ ಸಿಪ್ಪೆ ತರುತ್ತಿದ್ದೆವು, ಸಿಪ್ಪೆಗೆ ಯಾರು ಕಾಸು ಕೇಳುತ್ತಾರೆ? ಯುಗಾದಿಗೆ ಆಗದಿದ್ದರೆ ರಾಮನವಮಿ ಕಳೆದ ಮೇಲೆ ಆಗುತ್ತಿತ್ತು. ನನ್ನನ್ನು ಅಷ್ಟು ಚಿಕ್ಕವಳೆಂದು ಯಾವಾಗ ತೀರ್ಮಾನ ಮಾಡಿಕೊಂಡೆ? ನಾನು ಜೋರಾಗಿ ನಗುತ್ತೇನೆ, ಜೋರಾಗಿ ಅಳುತ್ತೇನೆ, ಪತ್ರದಲ್ಲಿ ಚಿತ್ರ ಬಿಡಿಸುತ್ತೇನೆ, ಹಾಗೆಂದು ನಿಜವನ್ನು ತಡೆದುಕೊಳ್ಳಲಾರೆ ಎಂದು ಯಾರು ಹೇಳಿದರು ನಿನಗೆ? ನಾನು ಕುಣಿಯುವಾಗ ನೀನೂ ಕೈ ಹಿಡಿದು ಕುಣಿದೆಯಲ್ಲ, ಆಗ ಒಳಗೊಳಗೇ ನಗುತ್ತಿದ್ದೆಯಾ? ಉಜ್ವಲಾ ವಹಿನಿಗೆ ಬಾಟಲಿ ಕೊಡಲು ನಾನು ರಿಬ್ಬನ್ ಕಟ್ಟುವಾಗ ಅದರ ಗಂಟಿಗೆ ಬೆರಳಿಟ್ಟು ಹಿಡಿದವನು ನೀನೇ. ಆ ಮನೆಯಲ್ಲಿ ಇನ್ನೇನು ಅಂಬೆಗಾಲಿಡುವ ಮಗು ಇದೆ ಎಂದು ನಿನಗೆ ಆಗಲೂ ನೆನಪಾಗಲಿಲ್ಲವೇ? ಅಲ್ಲೊಂದು ಮಾತು, ಒಂದೇ ಮಾತು, ಬಾಯಿಬಿಟ್ಟಿದ್ದರೆ ಸಾಕಿತ್ತು. ಹಬ್ಬ ಹಾಳಾಗುತ್ತಿತ್ತು, ಅಷ್ಟೇ ತಾನೇ.

ಈಗ ನನ್ನ ಪಾಲಿನದನ್ನೂ ಬರೆಯಬೇಕು, ಅದನ್ನು ಬರೆಯುವುದು ಇನ್ನೂ ಕಷ್ಟ. ಶನಿವಾರ ಮಧ್ಯಾಹ್ನವೇ ನಾನು ಕೆಳಗೆ ಓಡಿದೆ. ಮೆಟ್ಟಿಲಲ್ಲಿ ಆಯಿ ತೋಳು ಹಿಡಿದು, "ಕೆಟ್ಟೋಗಿದೆ ಅಂತ ಹೇಳು ಸಾಕು. ಮಂದಾರನ ಹೆಸರು ಎತ್ತಬೇಡ, ಕಟ್ಟಡದ ತುಂಬ ಅದೇ ಮಾತಾಗತ್ತೆ" ಎಂದರು. ನಾನು ಹೇಳಿದ್ದೂ ಅಷ್ಟನ್ನೇ. ವಹಿನಿ, ಆ ಸಿಪ್ಪೆನೀರು ಸೆಖೆಗೆ ಕೆಟ್ಟಿದೆ, ಬಳಸಬೇಡಿ, ಬರೀ ನೀರಿನಲ್ಲಿ ಒರೆಸಿ ಎಂದೆ. ಅವಳು ನನ್ನ ಗಲ್ಲ ಹಿಡಿದು, "ಅಯ್ಯೋ ಪಾಪ, ಎಷ್ಟು ಕಷ್ಟಪಟ್ಟಿದ್ದೆ! ಬೇಜಾರ್ ಮಾಡ್ಕೋಬೇಡ್ವೇ ಶರ್ವರಿ" ಎಂದಳು. ನಿನ್ನೆ ಮಧ್ಯಾಹ್ನ ನನ್ನನ್ನು ಸಮಾಧಾನ ಮಾಡಲೆಂದೇ ಒಂದು ತಂಬಿಗೆ ಮಾವಿನಕಾಯಿಯ ಪನ್ಹೆ ಹಿಡಿದು ಮೇಲೆ ಬಂದಳು, ಸೊಂಟದಲ್ಲಿ ಓವಿ. ಮಗುವಿನ ಅಂಗೈಗೆ ಬಿಳಿ ಮುಲಾಮು ಹಚ್ಚಿ, ನೆಕ್ಕದಿರಲೆಂದು ಹಳೆಯ ಕಾಲುಚೀಲ ತೊಡಿಸಿದ್ದಾರೆ. ಮುಂದಿನ ವಾರ ರಕ್ತ ತೆಗೆದು ಪರೀಕ್ಷೆ ಮಾಡಬೇಕಂತೆ, ಯಾವ ಆಹಾರ ಒಗ್ಗುವುದಿಲ್ಲ ಎಂದು ತಿಳಿಯಲು. ಆ ಪುಟ್ಟ ತೋಳಿಗೆ ಸೂಜಿ. ಓವಿ ಕಾಲುಚೀಲದ ಕೈಯಿಂದ ನನ್ನ ಬಳೆ ಹಿಡಿಯಲು ನೋಡುತ್ತಿದ್ದಳು, ಹಿಡಿತ ಸಿಗುತ್ತಿರಲಿಲ್ಲ. ನಾನು ಪನ್ಹೆ ಕುಡಿಯುತ್ತಾ, ಚೆನ್ನಾಗಿದೆ ವಹಿನಿ, ಸಕ್ಕರೆ ಹಿತವಾಗಿದೆ ಎಂದೆ. ಆಗ ನನಗೆ ಹೊಳೆಯಿತು, ನಾನು ಈಗ ಮಾಡುತ್ತಿರುವುದು ನೀನು ಯುಗಾದಿಯ ದಿನ ಮಾಡಿದ್ದನ್ನೇ. ಎದುರಿಗೆ ಇರುವವರು ನಮ್ಮನ್ನು ನಂಬಿ ನಗುತ್ತಿರುವಾಗ ಸುಮ್ಮನಿರುವುದು ಎಷ್ಟು ಸುಲಭ ಎಂದು ನನಗೂ ಗೊತ್ತಾಯಿತು. ನಿನ್ನನ್ನು ಅರ್ಥ ಮಾಡಿಕೊಂಡೆ. ಕ್ಷಮಿಸಲಿಲ್ಲ.

ಬರೆದು ಬರೆದು ಕೈ ಬೆವರಿ ಅಕ್ಷರವೆಲ್ಲ ಕಲಸಿಹೋಗುತ್ತಿದೆ. ನಿಮ್ಮ ಟಪಾಲು ಒಯ್ಯುವ ಇಲಾಖೆಯ ಶುಕ್ರವಾರದ ಜೀಪಿಗೆ ಇದು ಸಿಗಬೇಕಾದರೆ ನಾಳೆ ಬೆಳಗ್ಗೆ ಅಂಚೆಗೆ ಬೀಳಬೇಕು. ಇಪ್ಪತ್ತನಾಲ್ಕಕ್ಕೆ ಬಂದು ನಿನ್ನನ್ನು ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುತ್ತೇನೆ, ಕಿಟಕಿಗೆ ಪರದೆ ಹೊಲಿದು ತಾ ಎಂದು ನೀನು ಬರೆದಿದ್ದೆ. ಪರದೆ ಹೊಲಿದಾಗಿತ್ತು, ಮರದ ಎಲೆಗಳ ಚಿತ್ತಾರದ್ದು. ಆಯಿ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಈ ಪತ್ರ ಓದಿದ ಮೇಲೂ ತಿಳಿಸುತ್ತಾರೆ, ಅವರು ತಾಯಿ. ವಿಮಲ್ ಮಾವಶಿ ಮಾತ್ರ ನಿನಗೆ ಏನೂ ಹೇಳಿ ಕಳಿಸಿಲ್ಲ. ಕಾಡಿನ ನೀರನ್ನು ಕಾಯಿಸಿ ಕುಡಿ, ಮೊಣಕಾಲಿಗೆ ಮುಲಾಮು ಹಚ್ಚು.

ನಿನ್ನ
ಶರ್ವರಿ

ತಾ.ಕ.: ಮಂಗಳವಾರ, ಬೆಳಗ್ಗೆ ಎಂಟು. ಲಕೋಟೆ ಅಂಟಿಸಲು ಹೋದವಳು ಅಂಟಿಸದೆ ಕೆಳಗೆ ಹೋಗಿ ಬಂದೆ. ಆಯಿ ಪತ್ರ ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟು, "ನಡಿ, ನಾನೂ ಬರ್ತೀನಿ" ಎಂದರು. ಉಜ್ವಲಾ ವಹಿನಿಗೆ ಎಲ್ಲ ಹೇಳಿದೆವು, ನಿನ್ನ ಹೆಸರು ಸಹಿತ, ನನ್ನ ಶನಿವಾರದ ಸುಳ್ಳು ಸಹಿತ. ಅವಳು ಕೂಗಾಡಲಿಲ್ಲ. "ಡಾಕ್ಟರಿಗೆ ನಿನ್ನ ಮಾತೇ ಹೇಳಿದ್ದೆನಲ್ಲೇ" ಎಂದಳು, ಅಷ್ಟೇ. ನಮ್ಮೆದುರೇ ಫೋನ್ ಮಾಡಿದಳು. ರಕ್ತ ಪರೀಕ್ಷೆ ಸದ್ಯಕ್ಕೆ ಬೇಡ, ಆದರೆ ಆ ಕ್ಯಾನಿನಲ್ಲಿ ಏನೇನಿತ್ತು ಎಂದು ತಿಳಿಯಲೇಬೇಕು ಎಂದರಂತೆ ಡಾಕ್ಟರು. ಯಾವ ಅಂಗಡಿ, ಯಾವ ಮಾಲು, ಅದು ಗೊತ್ತಿರುವವನು ನೀನೊಬ್ಬನೇ. ಈ ಕಾಗದ ಕೈಗೆ ಬಂದ ತಕ್ಷಣ ಅದೇ ಜೀಪು ಹತ್ತಿ ಪರತವಾಡಾ ಪೇಟೆಗೆ ಇಳಿದು ಫೋನ್ ಮಾಡು. ನನಗಲ್ಲ, ಅವಳಿಗೆ. ನಂಬರು ಲಕೋಟೆಯ ಹಿಂದೆ ಬರೆದಿದ್ದೇನೆ. ಇಪ್ಪತ್ತನಾಲ್ಕಕ್ಕೆ ನಾನು ಎಲ್ಲಿಗೂ ಹೊರಡುತ್ತಿಲ್ಲ. ನೀನು ಬರುವುದಾದರೆ ಬಾ, ಆದರೆ ಮೊದಲನೇ ಮಹಡಿಯಲ್ಲಿ ನಿಂತು ಅವಳ ಬಾಗಿಲು ತಟ್ಟು. ಎರಡನೇ ಮಹಡಿಗೆ ಹತ್ತಬೇಕೋ ಬೇಡವೋ, ಅದನ್ನು ಆಮೇಲೆ ನಾನು ಹೇಳುತ್ತೇನೆ.